ತೊರಕೆ ಮೀನಿನ ಲಾಡಿಹುಳು: ಇದು ಹೊಸ ಪ್ರಭೇದ ಅಂತ ಯಾವಾಗ ಹೇಳಬಹುದು?

ಸುರುಳಿಗರುಳು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಪಿಎಚ್‌ಡಿ ವಿದ್ಯಾರ್ಥಿ. ತೊರಕೆ ಮೀನುಗಳ ಕರುಳಲ್ಲಿರುವ ಲಾಡಿಹುಳುಗಳ ಮೇಲೆ ಕೆಲಸ ಮಾಡುತ್ತಿದ್ದೇನೆ. ಒಂದು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ, ಗೊತ್ತಿರುವವರು ದಾರಿ ತೋರಿಸಿ.

ಮೀನು ನೀಲಿ ಚುಕ್ಕೆಯ ತೊರಕೆ, ನಿಯೋಟ್ರೈಗನ್ ಕೂಲಿಯೈ. ಎರಡು ಮೀನಿನ ಸುರುಳಿ ಕರುಳಿನಿಂದ ಒಟ್ಟು 11 ಪೂರ್ತಿ ಹುಳು ಸಿಕ್ಕಿವೆ. ತಲೆಯಲ್ಲಿ ನಾಲ್ಕು ಬೊತ್ರಿಡಿಯಂ (ಕರುಳಿಗೆ ಅಂಟಿಕೊಳ್ಳುವ ಎಲೆಯಂಥ ಅಂಗ). ಪ್ರತಿಯೊಂದರ ಮುಂದಿನ ತುದಿಯಲ್ಲಿ ಕವಲೊಡೆದ ಕೊಕ್ಕೆ ಒಂದು ಜೊತೆ, ಅದರ ಹಿಂದೆ ಮೂರು ಗೂಡು. ಹಾಗಾಗಿ ಅಕ್ಯಾಂಥೊಬೊತ್ರಿಯಂ ಕುಲ ಅನ್ನೋದರಲ್ಲಿ ನನಗೆ ಅನುಮಾನ ಇಲ್ಲ.

ಅಳತೆ ಹೀಗಿದೆ. ಉದ್ದ 4.2ರಿಂದ 7.8 ಮಿ.ಮೀ. ಖಂಡಗಳು (ಲಾಡಿಯಲ್ಲಿ ಸಾಲಾಗಿರುವ ತುಂಡುಗಳು) 13ರಿಂದ 21. ಒಂದು ಖಂಡದಲ್ಲಿ ವೃಷಣಗಳು 34ರಿಂದ 58. ಕೊಕ್ಕೆಯ ಒಟ್ಟು ಉದ್ದ 95ರಿಂದ 150 ಮೈಕ್ರಾನ್. ಅಂಡಾಶಯದ ಎರಡು ತೋಳು ಸಮ ಇಲ್ಲ, ಜನನರಂಧ್ರದ ಕಡೆಯ ತೋಳು ಗಿಡ್ಡ.

ಈ ಮೀನಿನಿಂದ ಹಿಂದೆ ವರದಿಯಾದ ಅಕ್ಯಾಂಥೊಬೊತ್ರಿಯಂಗಳ ಜೊತೆ ಹೋಲಿಸಿದೆ. ಯಾವುದೂ ಹೊಂದುತ್ತಿಲ್ಲ. ಗೈಡ್ ಅವರು "ಹಾಗಾದರೆ ಹೊಸದೇ, ಬೇಗ ಬರೆದು ಕಳಿಸು" ಅಂತಾರೆ. ನನಗೆ ಧೈರ್ಯ ಸಾಲ್ತಿಲ್ಲ. ಎಷ್ಟು ಸಾಕ್ಷಿ ಇದ್ದರೆ ಹೊಸ ಪ್ರಭೇದ ಅನ್ನಬಹುದು?

ಇನ್ನೊಂದು ವಿಷಯ. ಅದೇ ಕರುಳಲ್ಲಿ ಬೇರೆ ಥರದ ಹುಳುಗಳೂ ಇದ್ದವು. ಕೊಕ್ಕೆ ಇಲ್ಲ. ಬೊತ್ರಿಡಿಯಂಗಳು ತೊಟ್ಟಿನ ಮೇಲೆ ನಿಂತಿವೆ, ಎಲೆಯ ಹಾಗೆ ಅಗಲ, ಮೈತುಂಬಾ ಅಡ್ಡಗೆರೆ ಬಿದ್ದು ಗೂಡು ಗೂಡಾಗಿವೆ. ಹಳೆಯ ಪುಸ್ತಕದಲ್ಲಿ ಟೆಟ್ರಾಫಿಲಿಡಿಯ ಗಣ ಅಂತ ಇದೆ, ಹೊಸ ಲೇಖನಗಳಲ್ಲಿ ಬೇರೆ ಏನೋ ಇದೆ. ಯಾವುದನ್ನು ಹಿಡಿಯಲಿ?

---

ಬಾಲ್ಸಂ ಅಜ್ಜ ಉತ್ತರ:

ಧೈರ್ಯ ಸಾಲ್ತಿಲ್ಲ ಅಂದಿರಲ್ಲ, ಅದು ಒಳ್ಳೆಯ ಲಕ್ಷಣ. ಧೈರ್ಯ ಜಾಸ್ತಿ ಇದ್ದವರು ಹೆಸರಿಟ್ಟು ಹೋದ ಹುಳುಗಳ ಗಂಟು ಬಿಡಿಸೋದರಲ್ಲೇ ನನ್ನ ನೌಕರಿ ಮುಗಿಯಿತು. ಈ ಕುಲದಲ್ಲಿ 200ಕ್ಕೂ ಹೆಚ್ಚು ಹೆಸರುಗಳಿವೆ. ಅದರಲ್ಲಿ ಎಷ್ಟೋ ಹೆಸರಿನ ಹಿಂದೆ ಒಂದೇ ಒಂದು ಮಸುಕು ಚಿತ್ರ, ನಾಲ್ಕು ಸಾಲು ವಿವರಣೆ. ಹುಳು ಎಲ್ಲಿ ಅಂತ ಕೇಳಿದರೆ ಯಾರ ಹತ್ತಿರವೂ ಇಲ್ಲ.

ಮೊದಲು ಮೀನಿನ ಮಾತು. ನಿಮ್ಮ ಮೀನು ಹಿಡಿದದ್ದು ಸಾಲೊಮನ್ ದ್ವೀಪಗಳ ಹತ್ತಿರವೇ? ಅಲ್ಲ ಅಂತಾದರೆ ಅದು ನಿಯೋಟ್ರೈಗನ್ ಕೂಲಿಯೈ ಅಲ್ಲ. ಮೊದಲು ಹಿಂದೂ ಮಹಾಸಾಗರದಿಂದ ಪೆಸಿಫಿಕ್ ತನಕ ನೀಲಿ ಚುಕ್ಕೆ ಕಂಡ ಮೀನಿಗೆಲ್ಲ ಅದೇ ಹೆಸರು ಹೇಳುತ್ತಿದ್ದರು. 2016ರಲ್ಲಿ ಲಾಸ್ಟ್, ವೈಟ್ ಮತ್ತು ಸೆರೆ ಆ ಗುಂಪನ್ನು ಒಡೆದರು. ಕೂಲಿಯೈ ಅನ್ನೋ ಹೆಸರು ಸಾಲೊಮನ್ ದ್ವೀಪಗಳ ಮೀನಿಗೆ ಉಳಿಯಿತು. ಉಳಿದವು ಆಸ್ಟ್ರೇಲಿಯೆ, ಸೆರೂಲಿಯೊಪಂಕ್ಟಾಟ, ಓರಿಯೆಂಟಾಲಿಸ್ ಇತ್ಯಾದಿ ಆದವು. ಅಂದಮೇಲೆ "ಈ ಮೀನಿನಿಂದ ವರದಿಯಾದ ಹುಳುಗಳ ಜೊತೆ ಹೋಲಿಸಿದೆ" ಅಂತ ನೀವು ಬರೆದ ಸಾಲಿಗೆ ಅರ್ಥ ಏನು ಉಳಿಯಿತು ಹೇಳಿ. ಹಳೆಯ ಲೇಖನದ ಕೂಲಿಯೈ ಒಂದು ಮೀನು, ನಿಮ್ಮದು ಇನ್ನೊಂದು ಮೀನು.

ಇದು ಈ ಒಂದು ಮೀನಿನ ಕಥೆ ಮಾತ್ರ ಅಲ್ಲ. ಏಟೊಬೇಟಸ್ ನಾರಿನಾರಿ ಅನ್ನೋ ತೊರಕೆ ಪ್ರಪಂಚದ ಎಲ್ಲ ಬೆಚ್ಚನೆಯ ಸಮುದ್ರದಿಂದಲೂ ವರದಿ ಇತ್ತು. ಈಗ ಅದು ಅಟ್ಲಾಂಟಿಕ್‌ನದು ಮಾತ್ರ, ಇತ್ತ ಕಡೆಯದು ಏಟೊಬೇಟಸ್ ಒಸೆಲೇಟಸ್. ಹಿಮಾಂಟುರ ಊರ್ನಾಕ್ ಅಂತ ಬರೆದಿಟ್ಟ ಹಳೆಯ ದಾಖಲೆಗಳಲ್ಲಿ ಚಿರತೆ ಚುಕ್ಕೆಯ ಲಿಯೊಪಾರ್ಡ ಎಷ್ಟು ಸೇರಿಕೊಂಡಿದೆಯೋ ದೇವರೇ ಬಲ್ಲ. ಅದಕ್ಕೆ ಹೆಸರು ಸಿಕ್ಕಿದ್ದೇ 2008ರಲ್ಲಿ.

ತೊರಕೆಯ ಲಾಡಿಹುಳುಗಳಲ್ಲಿ ಬಹುಪಾಲು ಒಂದು ಪ್ರಭೇದ ಒಂದೇ ಪ್ರಭೇದದ ಮೀನಿಗೆ ಅಂಟಿಕೊಂಡಿರುತ್ತದೆ. ಸೊಂಡಿಲುಗಳಲ್ಲಿ ಮುಳ್ಳಿರುವ ಟ್ರಿಪನೊರಿಂಕ ಗಣದವು ಅಷ್ಟು ಕಟ್ಟುನಿಟ್ಟಲ್ಲ, ಅದು ಬೇರೆ ಮಾತು. ಆದರೆ ನಿಮ್ಮ ಅಕ್ಯಾಂಥೊಬೊತ್ರಿಯಂ ಕಟ್ಟುನಿಟ್ಟಿನದು. ಮೀನಿನ ಹೆಸರು ತಪ್ಪಿದರೆ ಹುಳುವಿನ ವಿಳಾಸವೇ ತಪ್ಪಿದ ಹಾಗೆ. ಮೀನಿನ ಬೆನ್ನು, ಹೊಟ್ಟೆ, ಬಾಲ, ಬಾಯಿಯ ಫೋಟೊ ಇದೆಯಾ? ತಟ್ಟೆಯಂಥ ಮೈಯ ಅಗಲ ಅಳೆದಿದ್ದೀರಾ? ಯಕೃತ್ತಿನ ಒಂದು ತುಂಡು ಆಲ್ಕೊಹಾಲ್‌ನಲ್ಲಿ ಇಟ್ಟಿದ್ದೀರಾ? ಇಟ್ಟಿದ್ದರೆ ಬದುಕಿದಿರಿ. 2012ರಲ್ಲಿ ನೇಲರ್ ಮತ್ತು ಸಂಗಡಿಗರು 4,283 ಶಾರ್ಕ್ ಮತ್ತು ತೊರಕೆಗಳ ಎನ್‌ಎಡಿಎಚ್2 ಜೀನ್ ಓದಿ 574 ಪ್ರಭೇದಗಳಾಗಿ ವಿಂಗಡಿಸಿಟ್ಟಿದ್ದಾರೆ. ನಿಮ್ಮ ಮೀನಿನ ತುಂಡನ್ನು ಅದರ ಪಕ್ಕದಲ್ಲಿಟ್ಟು ನೋಡಬಹುದು.

ಈಗ ಹುಳುವಿಗೆ ಬರೋಣ. 2001ರಲ್ಲಿ ಘೋಷ್‌ರಾಯ್ ಮತ್ತು ಕೈರಾ ಈ ಕುಲವನ್ನು ವರ್ಗ ಮಾಡೋಕೆ ಒಂದು ಸುಲಭದ ಉಪಾಯ ಕೊಟ್ಟರು. ನಾಲ್ಕೇ ಪ್ರಶ್ನೆ. ಉದ್ದ 15 ಮಿ.ಮೀ. ಒಳಗೋ ಹೊರಗೋ, ಖಂಡಗಳು 50ರ ಒಳಗೋ ಹೊರಗೋ, ವೃಷಣಗಳು 80ರ ಒಳಗೋ ಹೊರಗೋ, ಅಂಡಾಶಯ ಸಮವೋ ಅಸಮವೋ. ನಿಮ್ಮದು ಮೂರರಲ್ಲೂ ಒಳಗೆ, ಅಂಡಾಶಯ ಅಸಮ. ಅಂದರೆ ಒಂದನೇ ವರ್ಗ. ದುರದೃಷ್ಟಕ್ಕೆ ಅತಿ ಹೆಚ್ಚು ಪ್ರಭೇದ ತುಂಬಿರೋದೂ ಅಲ್ಲೇ. ನೀವು ಹೋಲಿಸಬೇಕಾದದ್ದು ಒಂದು ಮೀನಿನ ಹುಳುಗಳ ಜೊತೆ ಅಲ್ಲ, ಒಂದನೇ ವರ್ಗದ ಎಲ್ಲದರ ಜೊತೆ. ಬೇಜಾರಿನ ಕೆಲಸ. ಆದರೆ ಉಳಿದ ವರ್ಗಗಳನ್ನು ಪೂರ್ತಿ ಪಕ್ಕಕ್ಕಿಡಬಹುದು ಅನ್ನೋದೇ ಒಂದು ಸಮಾಧಾನ. ಇದು ವಂಶಾವಳಿ ಅಲ್ಲ, ಕೆಲಸ ಹಗುರ ಮಾಡೋ ಜೋಡಣೆ ಅಷ್ಟೇ. ಒಂದೇ ವರ್ಗದಲ್ಲಿವೆ ಅಂದಮಾತ್ರಕ್ಕೆ ನೆಂಟರು ಅಂತ ಅಂದುಕೊಳ್ಳಬೇಡಿ.

ಮತ್ತೆ, ನಿಮ್ಮ ಅಳತೆಯಲ್ಲಿ ಒಂದು ಸಾಲು ನನ್ನ ಕಣ್ಣು ಚುಚ್ಚಿತು. ಕೊಕ್ಕೆ 95ರಿಂದ 150 ಮೈಕ್ರಾನ್. ಈ ಕುಲದಲ್ಲಿ ಕೊಕ್ಕೆ ಗಟ್ಟಿ ವಸ್ತು. ಹುಳು ಹಿಗ್ಗಲಿ ಕುಗ್ಗಲಿ, ಕೊಕ್ಕೆ ಹಾಗೇ ಇರುತ್ತದೆ. ಬೆಳೆದ ಹುಳುಗಳಲ್ಲಿ ಇಷ್ಟು ಅಂತರ ಒಂದೇ ಪ್ರಭೇದದೊಳಗೆ ಬಂದರೆ ನಾನು ಸುಮ್ನೆ ಒಪ್ಪೋದಿಲ್ಲ. ಎರಡು ಕಾರಣ ಇರಬಹುದು. ಒಂದು, ವಾರೆಯಾಗಿ ಬಿದ್ದ ಕೊಕ್ಕೆಯನ್ನು ಅಳೆದಿದ್ದೀರಿ. ಗೋಡೆಗೆ ಒರಗಿಸಿದ ಏಣಿಯನ್ನು ಎದುರಿನಿಂದ ನೋಡಿದರೆ ಗಿಡ್ಡ ಕಾಣುವುದಿಲ್ಲವೇ, ಅದೇ ಥರ. ಸ್ಲೈಡಿನ ಮೇಲೆ ಮಟ್ಟಸವಾಗಿ ಮಲಗಿದ ಕೊಕ್ಕೆಯನ್ನು ಮಾತ್ರ ಅಳೆಯಬೇಕು. ಹಿಡಿ, ಒಳಗವಲು, ಹೊರಗವಲು, ಒಟ್ಟು ಉದ್ದ, ನಾಲ್ಕನ್ನೂ ಬೇರೆ ಬೇರೆ ಬರೆಯಿರಿ. ಜೊತೆಯ ಎರಡು ಕೊಕ್ಕೆ ಅಳತೆಯಲ್ಲಿ ಒಂದೇ ಇರಲೇಬೇಕು ಅಂತಿಲ್ಲ, ಅದನ್ನೂ ಪ್ರತ್ಯೇಕ ಬರೆಯಿರಿ.

ಎರಡನೇ ಕಾರಣ, ನಿಮ್ಮ 11 ಹುಳು ಒಂದೇ ಪ್ರಭೇದ ಅಲ್ಲದೇ ಇರಬಹುದು. ಘೋಷ್‌ರಾಯ್ ಮತ್ತು ಕೈರಾ ಅದೇ 2001ರ ಕೆಲಸದಲ್ಲಿ ಕ್ಯಾಲಿಫೋರ್ನಿಯ ಕೊಲ್ಲಿಯ ಒಂದೇ ಪ್ರಭೇದದ ತೊರಕೆಯಿಂದ ನಾಲ್ಕು ಹೊಸ ಅಕ್ಯಾಂಥೊಬೊತ್ರಿಯಂ ವಿವರಿಸಿದರು. 2006ರಲ್ಲಿ ಫೈಲರ್ ಮತ್ತು ಕೈರಾ ಬೋರ್ನಿಯೊದ ಸಿಹಿನೀರಿನ ದೊಡ್ಡ ತೊರಕೆಯಿಂದ ಐದು ತೆಗೆದರು. ಒಂದೇ ಪ್ರಭೇದದ ಮೀನು, ಒಂದೇ ಕುಲ, ಆದರೂ ಐದು ಪ್ರಭೇದ. ಒಂದು ಕರುಳಲ್ಲಿ ಸಿಕ್ಕವೆಲ್ಲ ಒಂದೇ ಅನ್ನೋದು ಈ ಕೆಲಸದಲ್ಲಿ ಎಲ್ಲಕ್ಕಿಂತ ದುಬಾರಿ ಊಹೆ.

ಕನಿಷ್ಠ ಗರಿಷ್ಠ ಬರೆದು ನಡುವಿನದನ್ನು ಮುಚ್ಚಿಡಬೇಡಿ. ಪ್ರತಿ ಹುಳುವಿಗೂ ಒಂದು ನಂಬರ್ ಕೊಟ್ಟು ಅದರ ಕೊಕ್ಕೆ, ವೃಷಣ, ಖಂಡ ಒಂದೇ ಸಾಲಿನಲ್ಲಿ ಬರೆದು ಇಲ್ಲಿ ಹಾಕಿ. ಆಮೇಲೆ ಮಾತಾಡೋಣ. ಕೊಕ್ಕೆ ಇಲ್ಲದ ಹುಳುವಿನ ವಿಷಯ ಸ್ವಲ್ಪ ತಡೆದು ಹೇಳುತ್ತೇನೆ.

---

ಜೆಲ್ ಪಟ್ಟಿ ಉತ್ತರ:

ಅಜ್ಜ ಹೇಳಿದ್ದರಲ್ಲಿ ಮುಕ್ಕಾಲು ಪಾಲು ಒಪ್ಪುತ್ತೇನೆ. ಒಂದು ಕಡೆ ತಕರಾರಿದೆ. "ಒಂದು ಹುಳುವಿಗೆ ಒಂದೇ ಮೀನು" ಅನ್ನೋದರ ಮೇಲೆ ಜಾಸ್ತಿ ಭಾರ ಹಾಕಬೇಡಿ ಸರ್. ದಕ್ಷಿಣ ಅಮೆರಿಕದ ನದಿಗಳ ಪೊಟಮೊಟ್ರೈಗನ್ ತೊರಕೆಗಳನ್ನು ನೋಡಿ. 2011ರಲ್ಲಿ ರೇಡಾ ಮತ್ತು ಮಾರ್ಕೆಸ್ ಅಲ್ಲಿನ ರೈನಿಬೊತ್ರಿಯಂ ಕುಲದ ಲಾಡಿಹುಳುಗಳನ್ನು ದೊಡ್ಡ ಪ್ರದೇಶದಿಂದ ಸೇರಿಸಿ ನೋಡಿದಾಗ ಒಂದೇ ಹುಳು ಹಲವು ಪ್ರಭೇದದ ತೊರಕೆಗಳಲ್ಲಿ ಸಿಕ್ಕಿತು. ಮೀನು ಬೇರೆ, ಆದ್ದರಿಂದ ಹುಳು ಬೇರೆ ಅಂತ ಹೊರಟರೆ ಅಲ್ಲಿ ಎಡವುತ್ತೀರಿ. ಮೀನಿನ ಹೆಸರು ಸರಿ ಇರಬೇಕು, ನಿಜ. ಆದರೆ ಮೀನು ಹೊಸದು ಅನ್ನೋದು ಹುಳು ಹೊಸದು ಅನ್ನೋದಕ್ಕೆ ಸಾಕ್ಷಿ ಆಗಬಾರದು.

ಪ್ರಶ್ನೆ ಕೇಳಿದವರಿಗೆ: ಆಲ್ಕೊಹಾಲ್‌ನಲ್ಲಿ ಇಟ್ಟ ಹುಳು ಏನಾದರೂ ಇದೆಯಾ? ಎಲ್ಲವನ್ನೂ ಫಾರ್ಮಲಿನ್‌ಗೆ ಹಾಕಿದ್ದರೆ ಡಿಎನ್‌ಎ ತೆಗೆಯೋದು ತುಂಬಾ ಕಷ್ಟ. ಇದ್ದರೆ ಹೀಗೆ ಮಾಡಿ. ಹುಳುವಿನ ನಡುವಿನ ಭಾಗ ಮಾತ್ರ ಕತ್ತರಿಸಿ ಡಿಎನ್‌ಎಗೆ ಕೊಡಿ. ತಲೆಯನ್ನೂ ಕೊನೆಯ ಬೆಳೆದ ಖಂಡಗಳನ್ನೂ ಬಣ್ಣ ಹಾಕಿ ಸ್ಲೈಡ್ ಮಾಡಿ ಉಳಿಸಿ. ಆಗ ಈ ಸೀಕ್ವೆನ್ಸ್ ಯಾವ ಹುಳುವಿನದು ಅಂತ ಯಾರಾದರೂ ಕೇಳಿದರೆ ಅದೇ ಹುಳುವಿನ ತಲೆಯನ್ನು ತೋರಿಸಬಹುದು. ಹುಳು ಪೂರ್ತಿ ಅರೆದು ಸೀಕ್ವೆನ್ಸ್ ಹಾಕಿ, ಕೆಳಗೆ ಅಕ್ಯಾಂಥೊಬೊತ್ರಿಯಂ ಅಂತಷ್ಟೇ ಬರೆದಿರುವ ದಾಖಲೆಗಳು ಡೇಟಾಬೇಸಿನಲ್ಲಿವೆ. ಅವನ್ನು ಏನು ಮಾಡಬೇಕು ಅಂತ ಯಾರಿಗೂ ತೋಚೋದಿಲ್ಲ.

28ಎಸ್ ಜೀನಿನ ಡಿ1ರಿಂದ ಡಿ3 ಭಾಗ ಈ ಗುಂಪಿನಲ್ಲಿ ರೂಢಿ. ಹೋಲಿಸೋಕೆ ಬೇಕಾದಷ್ಟು ಇದೆ. ಆದರೆ ಅದು ನಿಧಾನ ಬದಲಾಗುವ ಜೀನ್. ಹತ್ತಿರದ ಪ್ರಭೇದಗಳ ನಡುವೆ ಕೆಲವೇ ಅಕ್ಷರ ವ್ಯತ್ಯಾಸ ಬರಬಹುದು. ಜೊತೆಗೆ ಬೇಗ ಬದಲಾಗುವ ಸಿಒಐ ಜೀನ್ ಇದ್ದರೆ ಒಳ್ಳೆಯದು.

---

ಬಾಲ್ಸಂ ಅಜ್ಜ ಉತ್ತರ:

ನದಿ ತೊರಕೆಗಳ ಉದಾಹರಣೆ ಸರಿ ಇದೆ, ಒಪ್ಪಿದೆ. ಅವು ಒಂದೇ ನದಿ ವ್ಯವಸ್ಥೆಯೊಳಗೆ ಇತ್ತೀಚೆಗೆ ಕವಲೊಡೆದ ಮೀನುಗಳು, ಹತ್ತಿರದ ನೆಂಟರು. ಅಲ್ಲಿನ ಲೆಕ್ಕ ಬೇರೆ. ಸಮುದ್ರದ ಮಾತು ಬಂದಾಗ ನಾನು ನನ್ನ ಮಾತನ್ನೇ ಹಿಡಿಯುತ್ತೇನೆ. ಆದರೆ "ಮೀನು ಹೊಸದು ಅನ್ನೋದು ಹುಳುವಿಗೆ ಸಾಕ್ಷಿ ಅಲ್ಲ" ಅಂದಿರಲ್ಲ, ಅದನ್ನು ದಪ್ಪ ಅಕ್ಷರದಲ್ಲಿ ಬರೆದು ಪ್ರಯೋಗಾಲಯದ ಗೋಡೆಗೆ ಅಂಟಿಸಬೇಕು.

---

ಸುರುಳಿಗರುಳು ಉತ್ತರ:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಮೀನಿನ ಬೆನ್ನು ಹೊಟ್ಟೆ ಎರಡರ ಫೋಟೊ ಇದೆ. ಯಕೃತ್ತಿನ ತುಂಡು 95% ಆಲ್ಕೊಹಾಲ್‌ನಲ್ಲಿದೆ. ಎರಡನೇ ಮೀನಿನ ಕರುಳಿನ ಅರ್ಧ ಭಾಗವೂ ಹಾಗೇ ಇದೆ, ಇನ್ನೂ ಬಿಡಿಸಿ ನೋಡಿಲ್ಲ. ಅದರಲ್ಲಿ ಹುಳು ಇದ್ದೇ ಇರುತ್ತದೆ.

ಮಟ್ಟಸವಾಗಿ ಮಲಗಿದ ಕೊಕ್ಕೆಗಳನ್ನು ಮಾತ್ರ ತೆಗೆದುಕೊಂಡು ಪ್ರತಿ ಹುಳುವನ್ನೂ ಬೇರೆ ಬೇರೆ ಬರೆದೆ. ಫಲಿತಾಂಶ ನೋಡಿ ಸುಮ್ನೆ ಕೂತುಬಿಟ್ಟೆ. ಏಳು ಹುಳುಗಳಲ್ಲಿ ಕೊಕ್ಕೆ 97ರಿಂದ 112 ಮೈಕ್ರಾನ್, ವೃಷಣ 34ರಿಂದ 41. ನಾಲ್ಕು ಹುಳುಗಳಲ್ಲಿ ಕೊಕ್ಕೆ 138ರಿಂದ 150, ವೃಷಣ 49ರಿಂದ 58. ನಡುವೆ ಒಂದೂ ಇಲ್ಲ.

ಮತ್ತೆ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಇನ್ನೊಂದು ಕಂಡಿತು. ಚಿಕ್ಕ ಕೊಕ್ಕೆಯ ಏಳರಲ್ಲಿ ಕುತ್ತಿಗೆಯ ಭಾಗ ಗಿಡ್ಡ. ದೊಡ್ಡ ಕೊಕ್ಕೆಯವುಗಳಲ್ಲಿ ಕುತ್ತಿಗೆ ಉದ್ದ, ಮೊದಲ ಖಂಡ ಶುರುವಾಗೋದೇ ತುಂಬಾ ಹಿಂದೆ. ಸಿರಸ್ ಚೀಲವೂ (ಗಂಡು ಜನನಾಂಗ ಇರುವ ಚೀಲ) ದೊಡ್ಡದು. ಎರಡೂ ಮೀನಿನಲ್ಲಿ ಎರಡೂ ಥರದ ಹುಳು ಇವೆ.

ಈಗ ಎರಡು ಹೊಸ ಪ್ರಭೇದ ಅಂತ ಬರೆಯಬೇಕಾ? ವೃಷಣಗಳನ್ನು ನಾನು ಕೊನೆಯ ಖಂಡದಲ್ಲಿ ಎಣಿಸಿದ್ದು, ಅದು ಸರಿಯಾ?

---

ಬಾಲ್ಸಂ ಅಜ್ಜ ಉತ್ತರ:

ಕುತ್ತಿಗೆಯನ್ನು ಅಷ್ಟು ನಂಬಬೇಡಿ. ಹುಳು ಸತ್ತು ಎಷ್ಟು ಹೊತ್ತಾಗಿತ್ತು, ಫಾರ್ಮಲಿನ್ ಬಿದ್ದಾಗ ಎಷ್ಟು ಸೆಟೆದುಕೊಂಡಿತು ಅನ್ನೋದರ ಮೇಲೆ ಅದು ಎಳೆಯುತ್ತದೆ, ಕುಗ್ಗುತ್ತದೆ. ಕೊಕ್ಕೆ ಮತ್ತು ವೃಷಣ ಒಟ್ಟಿಗೆ ಎರಡು ಗುಂಪಾಗಿ ಬಿದ್ದಿವೆಯಲ್ಲ, ಅದು ಗಟ್ಟಿ ಮಾತು. ಒಂದೇ ಕರುಳಲ್ಲಿ, ಒಂದೇ ದಿನ, ಒಂದೇ ಫಾರ್ಮಲಿನ್‌ನಲ್ಲಿ ಬಿದ್ದ ಹುಳುಗಳ ನಡುವೆ ಈ ಅಂತರ ಇದೆ. ಮೀನು ಬೇರೆ, ಊರು ಬೇರೆ, ತಯಾರಿ ಬೇರೆ ಅನ್ನೋ ನೆಪ ಯಾವುದೂ ಇಲ್ಲಿ ನಡೆಯೋದಿಲ್ಲ. ನನ್ನ ಕಣ್ಣಿಗೆ ಇವು ಎರಡು ಪ್ರಭೇದ. ಹೊಸವೋ ಹಳೆಯವೋ ಅನ್ನೋದು ಇನ್ನೂ ಗೊತ್ತಿಲ್ಲ.

ವೃಷಣ ಎಣಿಸೋದಕ್ಕೆ ಕೊನೆಯ ಖಂಡ ಕೆಲವೊಮ್ಮೆ ಸರಿ, ಕೆಲವೊಮ್ಮೆ ಅಲ್ಲ. ಈ ಕುಲದ ಬಹಳಷ್ಟು ಹುಳುಗಳು ಮೊಟ್ಟೆ ತುಂಬುವ ಮೊದಲೇ ಖಂಡವನ್ನು ಕಳಚಿಬಿಡುತ್ತವೆ. ಕಳಚುವ ಹೊತ್ತಿಗೆ ವೀರ್ಯನಾಳ ಉಬ್ಬಿಕೊಂಡಿರುತ್ತದೆ, ವೃಷಣಗಳು ಸೊರಗಿರುತ್ತವೆ. ಅಂಥ ಖಂಡದಲ್ಲಿ ಎಣಿಸಿದರೆ ಲೆಕ್ಕ ಕಮ್ಮಿ ಬರುತ್ತದೆ. ಅಂಡಾಶಯ ಪೂರ್ತಿ ಬೆಳೆದಿರಬೇಕು, ವೃಷಣಗಳು ಇನ್ನೂ ದುಂಡಗೆ, ಅಂಚು ಸ್ಪಷ್ಟ ಇರಬೇಕು, ಅಂಥ ಖಂಡ ಹುಡುಕಿ. ಫೋಕಸ್ ಮೇಲೆ ಕೆಳಗೆ ಮಾಡುತ್ತಾ ಎಣಿಸಿ, ಒಂದರ ಹಿಂದೆ ಒಂದು ಅಡಗಿರುತ್ತವೆ. ಕ್ಯಾಮರಾ ಲೂಸಿಡದಲ್ಲಿ (ಸೂಕ್ಷ್ಮದರ್ಶಕದಲ್ಲಿ ಕಂಡದ್ದನ್ನು ಕಾಗದಕ್ಕೆ ಇಳಿಸುವ ಸಾಧನ) ಒಂದೊಂದನ್ನೂ ಬಿಡಿಸಿದರೆ ಇನ್ನೂ ಒಳ್ಳೆಯದು. ಕೈ ಬಿಡಿಸಿದ್ದನ್ನು ಕಣ್ಣು ಎರಡು ಸಲ ಎಣಿಸೋದಿಲ್ಲ. ಜನನರಂಧ್ರ ಇರುವ ಪಕ್ಕದಲ್ಲಿ, ಯೋನಿನಾಳದ ಹಿಂದೆ ಎಷ್ಟು ವೃಷಣ ಇವೆ ಅನ್ನೋದನ್ನು ಪ್ರತ್ಯೇಕ ಬರೆಯಿರಿ. ಒಟ್ಟು ಲೆಕ್ಕ ಒಂದೇ ಇದ್ದರೂ ಆ ಮೂಲೆಯ ಲೆಕ್ಕದಲ್ಲಿ ಎಷ್ಟೋ ಪ್ರಭೇದಗಳು ಬೇರೆಯಾಗುತ್ತವೆ. ಅಲ್ಲೇ ಜನನರಂಧ್ರ ಖಂಡದ ಹಿಂತುದಿಯಿಂದ ಶೇಕಡಾ ಎಷ್ಟು ದೂರದಲ್ಲಿದೆ ಅನ್ನೋದನ್ನೂ ಲೆಕ್ಕ ಹಾಕಿಬಿಡಿ.

ಎಸ್‌ಇಎಂಗೆ (ಸ್ಕ್ಯಾನಿಂಗ್ ಎಲೆಕ್ಟ್ರಾನ್ ಸೂಕ್ಷ್ಮದರ್ಶಕಕ್ಕೆ) ಒಂದೆರಡು ತಲೆ ಕೊಡಿ. ಲಾಡಿಹುಳುವಿಗೆ ಬಾಯಿಯೂ ಇಲ್ಲ ಕರುಳೂ ಇಲ್ಲ, ಊಟವೆಲ್ಲ ಚರ್ಮದ ಮೂಲಕ. ಆ ಚರ್ಮದ ಮೇಲಿನ ಸೂಕ್ಷ್ಮ ರೋಮಗಳ ಆಕಾರ ಬೊತ್ರಿಡಿಯಂನ ಒಳಮುಖದಲ್ಲಿ ಒಂದು, ಹೊರಮುಖದಲ್ಲಿ ಒಂದು, ಕುತ್ತಿಗೆಯಲ್ಲಿ ಇನ್ನೊಂದು. ಅವುಗಳ ಹೆಸರಿಡುವ ಪದ್ಧತಿಯನ್ನು 2009ರಲ್ಲಿ ಶೆರ್ವಿ ಒಂದು ದಾರಿಗೆ ತಂದರು, ಅದನ್ನೇ ಬಳಸಿ. ಮೀನು ಸತ್ತು ಬಹಳ ಹೊತ್ತಾದ ಮೇಲೆ ತೆಗೆದ ಹುಳುವಾದರೆ ರೋಮ ಉದುರಿರುತ್ತದೆ, ಆಗ ಎಸ್‌ಇಎಂ ಸಮಯ ದಂಡ.

ಇನ್ನು ಎರಡನ್ನೂ ಬರೆಯಬೇಕಾ ಅಂತ ಕೇಳಿದಿರಿ. ಏಳು ಹುಳು ಇರುವುದನ್ನು ಬರೆಯಿರಿ, ಒಂದನೇ ವರ್ಗದ ಹೋಲಿಕೆ ಪೂರ್ತಿ ಮುಗಿದ ಮೇಲೆ. ನಾಲ್ಕು ಇರುವುದನ್ನು ಹೆಸರಿಡದೆ, ಅಕ್ಯಾಂಥೊಬೊತ್ರಿಯಂನ ಒಂದು ಪ್ರಭೇದ ಅಂತಷ್ಟೇ ಅಳತೆ ಸಮೇತ ದಾಖಲಿಸಿ. ಇನ್ನಷ್ಟು ಸಿಕ್ಕಾಗ ನೋಡಿಕೊಳ್ಳಬಹುದು.

ಈಗ ಕೊಕ್ಕೆ ಇಲ್ಲದ್ದು. ಟೆಟ್ರಾಫಿಲಿಡಿಯ ಅನ್ನೋ ಹಳೆಯ ಗಣ ಒಂದು ದೊಡ್ಡ ಮೂಟೆ ಆಗಿತ್ತು. ನಾಲ್ಕು ಎಲೆ ಕಂಡರೆ ಅದಕ್ಕೇ ತುಂಬೋದು. 2009ರಲ್ಲಿ ಹೀಲಿ ಮತ್ತು ಸಂಗಡಿಗರು ತೊಟ್ಟಿನ ಮೇಲೆ ಬೊತ್ರಿಡಿಯಂ ಇರುವವನ್ನು ರೈನಿಬೊತ್ರಿಡಿಯ ಅಂತ ಬೇರೆ ಗಣ ಮಾಡಿದರು. 2014ರಲ್ಲಿ ಕೈರಾ ಮತ್ತು ಸಂಗಡಿಗರು ಇನ್ನಷ್ಟು ಒಡೆದರು. ನಿಮ್ಮ ಕೊಕ್ಕೆಯ ಹುಳು ಆಗಲೇ ಓಂಕೊಪ್ರೋಟಿಯೊಸೆಫಾಲಿಡಿಯ ಅನ್ನೋ ಗಣಕ್ಕೆ ಹೋಯಿತು. ಸಿಹಿನೀರಿನ ಮೀನು, ಹಾವುಗಳಲ್ಲಿ ಇರುವ ಪ್ರೋಟಿಯೊಸೆಫಾಲಿಡ್‌ಗಳ ಜೊತೆ ಒಂದೇ ಮನೆ. ಡಿಎನ್‌ಎ ಹೇಳುತ್ತದೆ, ಇರಲಿ. ನೋಡೋಕೆ ಒಂದಕ್ಕೊಂದು ಸಂಬಂಧವೇ ಇಲ್ಲದ ಹುಳುಗಳು, ನನಗಂತೂ ಇನ್ನೂ ಅರಗಿಲ್ಲ. ಆದರೆ ಬರೆಯುವಾಗ ನೀವು ಹೊಸದನ್ನೇ ಹಿಡಿಯಬೇಕು. 2017ರ ಹೊತ್ತಿಗೆ ಲಾಡಿಹುಳುಗಳಿಗೆ ಒಟ್ಟು 19 ಗಣಗಳ ಲೆಕ್ಕ ಬಂದಿದೆ.

ನಿಮ್ಮ ಎರಡನೇ ಹುಳು ರೈನಿಬೊತ್ರಿಯಂ ಇರಬಹುದು. ಎರಡು ವಿಷಯ ನೋಡಿ. ಬೊತ್ರಿಡಿಯಂನ ನಡುವೆ ಉದ್ದುದ್ದ ಒಂದು ಗೆರೆ ಇದೆಯಾ? ಅಡ್ಡಗೆರೆ ಮಾತ್ರ ಇದ್ದು ಉದ್ದಗೆರೆ ಇಲ್ಲದಿದ್ದರೆ 2003ರಲ್ಲಿ ಬೇರೆಯಾದ ಸ್ಕ್ಯಾಲಿತ್ರಿಯಂ ಕಡೆ ನೋಡಿ. ಎರಡನೆಯದು, ಜನನರಂಧ್ರದ ಹಿಂದೆ ವೃಷಣ ಇದೆಯಾ? ರೈನಿಬೊತ್ರಿಯಂ ಆದರೆ ಇರೋದಿಲ್ಲ. ನಾಲ್ಕು ಬೊತ್ರಿಡಿಯಂಗಳ ನಡುವೆ ಸೊಂಡಿಲಿನ ಥರ ಒಂದು ಉಬ್ಬು ಇದ್ದರೆ ಕಥೆಯೇ ಬೇರೆ, ಎಕಿನೈಬೊತ್ರಿಯಂ ನೆನಪಿಸಿಕೊಳ್ಳಬೇಕು. ಆದರೆ ಅದು ಸ್ಕೇಟ್ ಮೀನುಗಳ ಹುಳು, ನಿಮ್ಮ ಮೀನಿನಲ್ಲಿ ಸಿಗೋದು ಕಷ್ಟ. ಗೂಡುಗಳನ್ನು ಬೆಳೆದ ಹುಳುವಿನಲ್ಲೇ ಎಣಿಸಿ, ಒಂದು ಬೊತ್ರಿಡಿಯಂ ಪೂರ್ತಿ ಮಟ್ಟಸ ಬಿದ್ದದ್ದು ಸಿಗೋ ತನಕ ಬಿಡಬೇಡಿ.

ವಿಷಯ ಬಂತು ಅಂತ ಒಂದು ಮಾತು. ತೊರಕೆಯ ಲಾಡಿಹುಳುವಿಗೆ ಒಂದು ಕಾಲದಲ್ಲಿ ಸರ್ಕಾರಗಳೇ ತಲೆ ಕೆಡಿಸಿಕೊಂಡಿದ್ದವು. 1903ರಿಂದ 1906ರ ನಡುವೆ ಮನ್ನಾರ್ ಕೊಲ್ಲಿಯ ಮುತ್ತಿನ ಚಿಪ್ಪುಗಳ ಬಗ್ಗೆ ಪ್ರಾಣಿಶಾಸ್ತ್ರಜ್ಞ ಹರ್ಡ್‌ಮನ್ ಸಿಲೋನ್ ಸರ್ಕಾರಕ್ಕೆ ವರದಿ ಕೊಟ್ಟರು. ಚಿಪ್ಪಿನೊಳಗೆ ಸೇರಿದ ಲಾಡಿಹುಳುವಿನ ಮರಿಯ ಸುತ್ತ ಮುತ್ತು ಕಟ್ಟುತ್ತದೆ, ಆ ಹುಳು ದೊಡ್ಡದಾಗೋದು ಚಿಪ್ಪು ತಿನ್ನುವ ತೊರಕೆಯ ಹೊಟ್ಟೆಯಲ್ಲಿ ಅಂತ ಅವರ ಲೆಕ್ಕ. ಮುತ್ತಿನ ವಾದ ಆಮೇಲೆ ನಿಲ್ಲಲಿಲ್ಲ. ಆದರೆ ಆ ನೆಪದಲ್ಲಿ ಶಿಪ್ಲಿ ಮತ್ತು ಹಾರ್ನೆಲ್ ತೊರಕೆಗಳನ್ನು ಕೊಯ್ದು ಎಷ್ಟೋ ಹುಳುಗಳನ್ನು ವಿವರಿಸಿದರು. ಅವರು ಕೊಟ್ಟ ಹೆಸರುಗಳನ್ನು ಇವತ್ತಿಗೂ ನಾವು ಎದುರಿಸಬೇಕು.

---

ಜೆಲ್ ಪಟ್ಟಿ ಉತ್ತರ:

ನಾಲ್ಕು ಹುಳು ಕಮ್ಮಿ ಅಂತ ಬಿಡಬೇಡಿ. ಆಲ್ಕೊಹಾಲ್‌ನಲ್ಲಿರೋ ಅರ್ಧ ಕರುಳು ಇದೆಯಲ್ಲ, ಅದರಲ್ಲಿ ದೊಡ್ಡ ಕೊಕ್ಕೆಯದು ಒಂದೆರಡು ಸಿಕ್ಕಿ, 28ಎಸ್ ಮತ್ತು ಸಿಒಐ ಎರಡೂ ಅದನ್ನು ಬೇರೆ ಅಂದರೆ, ನಾಲ್ಕು ಒಳ್ಳೆಯ ಸ್ಲೈಡಿನ ಜೊತೆ ಅದು ಸಾಕು. ಎಷ್ಟೋ ಮೀನುಗಳು ಕಮ್ಮಿಯಾಗುತ್ತಿವೆ. ಇನ್ನಷ್ಟು ಸಿಗಲಿ ಅಂತ ಕಾಯುತ್ತಾ ಕೂತರೆ ಮೀನೇ ಸಿಗದೆ ಹೋಗಬಹುದು.

---

ಬಾಲ್ಸಂ ಅಜ್ಜ ಉತ್ತರ:

ನಾಲ್ಕರಲ್ಲಿ ಎಷ್ಟು ವ್ಯತ್ಯಾಸ ಪ್ರಭೇದದೊಳಗಿನದು ಅಂತ ಹೇಗೆ ಹೇಳುತ್ತೀರಿ? ಮುಂದೆ ಯಾರಿಗೋ ವೃಷಣ 61 ಇರುವ ಹುಳು ಸಿಕ್ಕರೆ ಅದನ್ನು ಇನ್ನೊಂದು ಹೊಸದು ಅನ್ನುತ್ತಾರೆ. ಹೆಸರುಗಳ ಗುಡ್ಡೆ ಬೆಳೆದದ್ದೇ ಹೀಗೆ. ನೀವು ಒಪ್ಪೋದಿಲ್ಲ ಅಂತ ಗೊತ್ತು.

---

ಜೆಲ್ ಪಟ್ಟಿ ಉತ್ತರ:

ಒಪ್ಪೋದಿಲ್ಲ ಸರ್. ಆ 61ರ ಹುಳು ಬಂದಾಗ ಅದರ ಸೀಕ್ವೆನ್ಸ್ ನೋಡಿದರಾಯಿತು.

---

ಸುರುಳಿಗರುಳು ಉತ್ತರ:

ಕೊಕ್ಕೆ ಇಲ್ಲದ್ದರಲ್ಲಿ ಉದ್ದಗೆರೆ ಇದೆ, ಜನನರಂಧ್ರದ ಹಿಂದೆ ವೃಷಣ ಇಲ್ಲ, ನಡುವೆ ಉಬ್ಬೂ ಇಲ್ಲ. ಹಾಗಾದರೆ ರೈನಿಬೊತ್ರಿಯಂ ಅಂದುಕೊಂಡು ಗೂಡು ಎಣಿಸೋಕೆ ಶುರು ಮಾಡುತ್ತೇನೆ.

ಕೊನೆಯದಾಗಿ ಒಂದು ಪ್ರಶ್ನೆ. ಏಳರಲ್ಲಿ ಹೋಲೋಟೈಪ್ (ಹೊಸ ಹೆಸರಿಗೆ ಆಧಾರವಾಗುವ ಒಂದು ಮಾದರಿ) ಯಾವುದನ್ನು ಮಾಡಲಿ? ಎಲ್ಲಕ್ಕಿಂತ ಉದ್ದದ್ದು ನೋಡೋಕೆ ಚೆನ್ನಾಗಿದೆ, ಆದರೆ ಒಂದು ಬೊತ್ರಿಡಿಯಂ ಮಡಚಿಕೊಂಡಿದೆ. ಇನ್ನೊಂದು ಸ್ವಲ್ಪ ಚಿಕ್ಕದು, ಅದರಲ್ಲಿ ಕೊಕ್ಕೆ ಎಲ್ಲ ಮಟ್ಟಸ ಇವೆ.

---

ಬಾಲ್ಸಂ ಅಜ್ಜ ಉತ್ತರ:

ಚಿಕ್ಕದನ್ನೇ ಮಾಡಿ. ಬೆಳೆದ ಖಂಡ ಅದರಲ್ಲೂ ಇದೆ ತಾನೇ? ಇದ್ದರೆ ಸಾಕು. ಹೋಲೋಟೈಪ್ ಒಂದೇ ಸ್ಲೈಡಿನಲ್ಲಿ ಪೂರ್ತಿ ಹುಳುವಾಗಿ ಇರಲಿ. ಅದರ ತಲೆ ಕತ್ತರಿಸಿ ಎಸ್‌ಇಎಂಗೆ ಕೊಡೋ ಆಸೆ ಬಂದರೆ ತಡೆದುಕೊಳ್ಳಿ, ಅದಕ್ಕೆ ಬೇರೆ ಹುಳು ಬಳಸಿ. ಇನ್ನೊಂದನ್ನು ಅಡ್ಡ ಕೊಯ್ದು ಅಂಡಾಶಯಕ್ಕೆ ನಾಲ್ಕು ಹಾಲೆ ಇದೆಯಾ, ಹಳದಿ ಗ್ರಂಥಿಯ ಕಾಳುಗಳು ಎರಡೂ ಪಕ್ಕದಲ್ಲಿ ಹೇಗೆ ನಿಂತಿವೆ ನೋಡಿ. ಉಳಿದವು ಪ್ಯಾರಾಟೈಪ್, ಅಂದರೆ ಅದರ ಜೊತೆಯ ಮಾದರಿಗಳು.

ಸ್ಲೈಡುಗಳನ್ನು ಇಲಾಖೆಯ ಬೀರುವಿನಲ್ಲಿ ಇಡಬೇಡಿ. 1999ರ ನಾಮಕರಣ ಸಂಹಿತೆ ಪ್ರಕಾರ ಹೊಸ ಪ್ರಭೇದಕ್ಕೆ ಟೈಪ್ ಯಾವುದು ಅಂತ ಹೆಸರು ಹಿಡಿದು ಹೇಳಬೇಕು, ಅದನ್ನು ಯಾವ ಸಂಗ್ರಹದಲ್ಲಿ ಇಡಲಾಗಿದೆ ಅಥವಾ ಇಡಲಾಗುತ್ತದೆ ಅಂತ ಬರೆಯಬೇಕು. ಇಲ್ಲದಿದ್ದರೆ ಹೆಸರು ನಿಲ್ಲೋದೇ ಇಲ್ಲ. ಮ್ಯೂಸಿಯಂಗೆ ಮೊದಲು ಕಳಿಸಿ, ನೋಂದಣಿ ಸಂಖ್ಯೆ ಬಂದ ಮೇಲೆ ಲೇಖನ ಕಳಿಸಿ. ಎರಡು ಸಂಗ್ರಹಗಳಿಗೆ ಹಂಚಿದರೆ ಇನ್ನೂ ಒಳ್ಳೆಯದು. ಪತ್ರಿಕೆ ಆನ್‌ಲೈನ್ ಮಾತ್ರ ಆಗಿದ್ದರೆ ಝೂಬ್ಯಾಂಕ್ (ಪ್ರಾಣಿಗಳ ಹೆಸರು ದಾಖಲಿಸುವ ಆನ್‌ಲೈನ್ ಪಟ್ಟಿ) ನೋಂದಣಿ ಲೇಖನದಲ್ಲೇ ಇರಬೇಕು, 2012ರಿಂದ ಆ ನಿಯಮ ಇದೆ. ಮೀನಿನ ಫೋಟೊ ಮತ್ತು ಯಕೃತ್ತಿನ ತುಂಡಿಗೂ ನಂಬರ್ ಕೊಟ್ಟು ಲೇಖನದಲ್ಲಿ ಸೇರಿಸಿ.

ಸ್ಲೈಡಿಗೆ ಹುಳು ಅಂಟಿಸುವ ಕೆನಡಾ ಬಾಲ್ಸಂ ಒಣಗೋಕೆ ಬಿಡಿ. ಹಸಿ ಸ್ಲೈಡನ್ನು ನೆಟ್ಟಗೆ ನಿಲ್ಲಿಸಿ ಪಾರ್ಸಲ್ ಮಾಡಿದರೆ ಹುಳು ಜಾರಿ ಕವರ್ ಗ್ಲಾಸಿನ ಅಂಚಿಗೆ ಬರುತ್ತದೆ. ಹೋಲೋಟೈಪ್ ಹಾಗೆ ಬಂದದ್ದನ್ನು ನಾನು ನೋಡಿದ್ದೇನೆ.

---

ಜೆಲ್ ಪಟ್ಟಿ ಉತ್ತರ:

ಅರ್ಧ ಕರುಳು ಬಿಡಿಸುವಾಗ ಆಲ್ಕೊಹಾಲ್ ಬದಲಿಸುತ್ತಾ ಇರಿ, ಕರುಳಿನ ನೀರು ಸೇರಿ ಅದು ತೆಳ್ಳಗಾಗಿರುತ್ತದೆ. 28ಎಸ್‌ಗೆ ನಾವು ಬಳಸುವ ಪ್ರೈಮರ್‌ಗಳ ವಿವರ ನಿಮಗೆ ಮೆಸೇಜ್ ಮಾಡಿದ್ದೇನೆ.